ಕಬ್ಬಿನ ಟ್ರ್ಯಾಕ್ಟರ್ ಬಡಿದರೆ ‘ಇತರೆ’ ಖಾನೆ!

ವಿಜಯಪುರ: ರಸ್ತೆ ಅಪಘಾತದ ಗಾಯಾಳು ದವಾಖಾನೆಗೆ ಬಂದಾಗ ಕೇಳುವ ಮೊದಲ ಪ್ರಶ್ನೆ, ‘ಹೆಂಗಾತು?’ ಜತೆಗೆ ಬಂದವರ ಉತ್ತರ, ‘ಗಾಡಿ ಬಡೀತ್ರೀ.’ ಯಾವ ಗಾಡಿ? ಬಿದ್ದವನು ನಡೆದು ಹೊರಟಿದ್ದನೋ, ಗಾಡಿ ಮೇಲಿದ್ದನೋ? ಗಡಿಬಿಡಿಯಲ್ಲಿ ಇಷ್ಟನ್ನು ಯಾರೂ ಹೇಳದಿದ್ದರೆ ಕೇಸ್ ಪೇಪರಿನಲ್ಲಿ ಉಳಿಯುವುದು ‘ಆರ್‌ಟಿಎ’ ಎಂಬ ಮೂರೇ ಅಕ್ಷರ.

ಅಷ್ಟರಿಂದ ಆಗುವ ನಷ್ಟವೇನು? ಬಹಳವಿದೆ.

ಕೇಸ್ ಪೇಪರು ರೆಕಾರ್ಡ್ ಕೋಣೆಗೆ ಹೋದ ಮೇಲೆ ಪ್ರತಿ ಗಾಯಕ್ಕೂ ಒಂದು ನಂಬರು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಒಪ್ಪಿದ ‘ಐಸಿಡಿ-10’ ಪಟ್ಟಿಯ ನಂಬರು ಅದು. 2022ರಿಂದ ಐಸಿಡಿ-11 ಬಂದಿದ್ದರೂ ಹಳೆಯ ಪಟ್ಟಿಯ ಬಳಕೆ ನಿಂತಿಲ್ಲ. ಅಪಘಾತಕ್ಕೆ ಎರಡು ನಂಬರು ಬೇಕು. ಮೊದಲನೆಯದು ಏನು ಪೆಟ್ಟಾಯಿತೆಂದು: ತೊಡೆಯ ಎಲುಬು ಮುರಿದರೆ ಎಸ್-72, ಮೊಣಕಾಲ ಕೆಳಗೆ ಮುರಿದರೆ ಎಸ್-82, ತಲೆಯೊಳಗೆ ಪೆಟ್ಟಾದರೆ ಎಸ್-06. ಎರಡನೆಯದು ಹೇಗೆ ಪೆಟ್ಟಾಯಿತೆಂದು. ಪಾದಚಾರಿಗೆ ಸೈಕಲ್ ಬಡಿದರೆ ವಿ-01, ಬೈಕು ಇಲ್ಲವೆ ಆಟೋ ವಿ-02, ಕಾರು ವಿ-03, ಲಾರಿ-ಬಸ್ಸು ವಿ-04, ರೈಲು ವಿ-05, ಚಕ್ಕಡಿ ವಿ-06.

ಕೈಗಾಡಿ ತಳ್ಳುವವನೂ, ರಸ್ತೆ ಬದಿ ಟಾಯರ್ ಬದಲಿಸುವ ಡ್ರೈವರನೂ ಈ ಪಟ್ಟಿಯ ಲೆಕ್ಕದಲ್ಲಿ ಪಾದಚಾರಿಗಳೇ! ಬಸ್ಸಿನಿಂದ ಇಳಿಯುವಾಗ ಬಿದ್ದವನು ಮಾತ್ರ ಇನ್ನೂ ಪ್ರಯಾಣಿಕನೇ. ಅವನ ನಂಬರು ಬೇರೆ.

ಇನ್ನು ನಮ್ಮ ಕಡೆಯ ಮಾತು. ಕಬ್ಬಿನ ಹಂಗಾಮಿನಲ್ಲಿ ಬಬಲೇಶ್ವರ ದಾರಿಯಲ್ಲಿ ನಡೆದು ಹೋಗುವವರ ಜೀವಕ್ಕೆ ಕುತ್ತು ಟ್ರೇಲರ್ ಎಳೆಯುವ ಟ್ರ್ಯಾಕ್ಟರು. ಐಸಿಡಿ-10ರಲ್ಲಿ ಅದಕ್ಕೆ ಸ್ವಂತ ಖಾನೆಯೇ ಇಲ್ಲ. ‘ವಿಶೇಷ ವಾಹನ’ ಎಂದು ವಿ-09ಕ್ಕೆ ಹೋಗುತ್ತದೆ. ಬಡಿದು ಓಡಿಹೋದ, ಗುರುತು ಸಿಗದ ಗಾಡಿಗೂ ಅದೇ ಖಾನೆ! ಬರೀ ‘ಆರ್‌ಟಿಎ’ ಎಂದಿದ್ದರಂತೂ ವಿ-89. ಅಲ್ಲಿ ಪಾದಚಾರಿ ಎಂಬ ಮನುಷ್ಯನೇ ಮಾಯ. ನಾಳೆ ತಿಕೋಟಾ ಕ್ರಾಸಿಗೆ ದೀಪ ಬೇಕು, ಫುಟ್‌ಪಾತ್ ಬೇಕು ಎಂದು ಕೇಳಹೋದವರಿಗೆ ತೋರಿಸಲು ಲೆಕ್ಕ ಎಲ್ಲಿಂದ ಬರಬೇಕು?

ಪರಿಹಾರದ ಹಣ ಈ ನಂಬರಿನಿಂದ ಬರುವುದಿಲ್ಲ, ನಿಜ. ಅದಕ್ಕೆ ಪೊಲೀಸ್ ಎಫ್‌ಐಆರ್, ಎಂಎಲ್‌ಸಿ, ಗಾಯದ ಪ್ರಮಾಣಪತ್ರ ಬೇಕು. ಆದರೆ ನಂಬರಿಗೂ ಕೇಸಿಗೂ ಮೂಲ ಅದೇ ಮೊದಲ ಬರವಣಿಗೆ. ಫಿರ್ಯಾದಿಯಲ್ಲಿ ‘ಲಾರಿ ಬಡಿಯಿತು’, ಕೇಸ್ ಪೇಪರಿನಲ್ಲಿ ‘ಕಾಲು ಜಾರಿ ಬಿದ್ದ’ ಎಂದಿದ್ದರೆ ವಿಮೆ ಕಂಪನಿಯ ವಕೀಲರು ಬಿಡುವರೇ?

ಬಡಿದು ಓಡಿಹೋದ ಗಾಡಿಯ ಪ್ರಕರಣದಲ್ಲಿ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವಿದೆ. ಅದಕ್ಕೆ ಮೊದಲು 25 ಸಾವಿರ ಮತ್ತು 12,500 ಇತ್ತು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ ಒಂದೂವರೆ ಲಕ್ಷದ ತನಕ ನಗದಿಲ್ಲದೆ ಚಿಕಿತ್ಸೆ ಉಂಟು.

ಅಪಘಾತವನ್ನು ಮೊದಲು ಕಾಣುವವರು ರಸ್ತೆ ಬದಿಯ ಅಂಗಡಿಯವರು, ಬಸ್ಸಿಗೆ ಕಾದು ನಿಂತವರು. ‘ನಮಗ್ಯಾಕ ಬೇಕು ಕೋರ್ಟು ಕಚೇರಿ’ ಎಂದು ಹಿಂಜರಿಯಬೇಕಿಲ್ಲ. ನೆರವಾದವರಿಗೆ 2019ರ ತಿದ್ದುಪಡಿ ಕಾನೂನಿನ ರಕ್ಷಣೆ ಇದೆ. ಗಾಯಾಳುವನ್ನು ಕರೆದೊಯ್ದವರು ಮೂರು ಸಂಗತಿ ಹೇಳಿ ಬರೆಸಿದರೆ ಸಾಕು: ನಡೆದು ಹೊರಟಿದ್ದ, ಇಂಥ ಗಾಡಿ ಬಡಿಯಿತು, ಇಂಥ ಜಾಗದಲ್ಲಿ. ನೋವುಂಡವನ ಲೆಕ್ಕವಾದರೂ ಸರಿಯಾಗಲಿ.