ಭರಣಿಯೊಳಗಿನ ತಿಳಿ

ಜನವರಿಯಲ್ಲಿ ಕೊಡಗಿನ ಸಿದ್ದಾಪುರದ ಕಣಗಳಲ್ಲೆಲ್ಲ ರೊಬಸ್ಟಾ ಕಾಫಿಹಣ್ಣು ಹರಡಿರುತ್ತದೆ. ಅರ್ಧ ಒಣಗಿದ ಸಿಪ್ಪೆಯ ಹುಳಿವಾಸನೆ ತೋಟದ ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಆದರೆ ಈ ಮನೆಯ ಅಡುಗೆಕೋಣೆಗೆ ಕಾಲಿಟ್ಟರೆ ಬೇರೆಯೇ ಪರಿಮಳ. ಮಳೆಗಾಲ ಮುಗಿಯುವಾಗ ಬೇಲಿಯ ಬಳ್ಳಿಯಿಂದ ಉದುರಿದ ಪ್ಯಾಶನ್ ಫ್ರೂಟು ಸಕ್ಕರೆ, ಯೀಸ್ಟ್ ಸೇರಿ ಭರಣಿಯಲ್ಲಿ ವೈನಾಗಿ ಕೂತಿದೆ.

ಹುದುಗುವ ಗದ್ದಲ ಮುಗಿದು ಬಹಳ ದಿನವಾಯಿತು. ಇಂದು ಬಾಟಲಿಗೆ ತುಂಬಲೆಂದು ಭರಣಿಯನ್ನು ನಿನ್ನೆ ರಾತ್ರಿಯೇ ಮೇಜಿನ ಮೇಲೆ ಏರಿಸಿಟ್ಟಿದ್ದಾರೆ. ಎತ್ತುವಾಗ ಕದಡಿದ್ದು ಬೆಳಗಿನೊಳಗೆ ಮತ್ತೆ ತಳ ಸೇರಬೇಕಲ್ಲ! ಕೊಡಗಿನ ಚಳಿ ಇದಕ್ಕೆ ದೊಡ್ಡ ಸಹಾಯ. ತಂಪಿನಲ್ಲಿ ಯೀಸ್ಟ್ ತೇಲಾಟ ಬಿಟ್ಟು ಬೇಗ ಇಳಿಯುತ್ತದೆ. ಬಿಯರ್ ಮಾಡುವವರು ಇದೇ ಕೆಲಸಕ್ಕೆ ಫ್ರಿಜ್ ಹುಡುಕುತ್ತಾರೆ.

ಮುಚ್ಚಳ ತೆಗೆದಾಗ ಮೇಲೆ ಹೊನ್ನಿನ ಬಣ್ಣದ ತಿಳಿ, ನಡುವೆ ದಾರಕ್ಕೆ ಕಟ್ಟಿದ ಪುಟ್ಟ ಬಟ್ಟೆಗಂಟು. ಅದರಲ್ಲಿ ಜಜ್ಜಿದ ಏಲಕ್ಕಿ, ಒಂದು ತುಂಡು ಚಕ್ಕೆ. ಇವನ್ನು ಮೊದಲೇ ಹಾಕಿದ್ದರೆ ಹುದುಗುವಾಗ ಏಳುವ ಗಾಳಿಗುಳ್ಳೆಗಳ ಜೊತೆ ಅರ್ಧ ಪರಿಮಳ ಹಾರಿಹೋಗುತ್ತಿತ್ತು. ಬಿಯರಿನಲ್ಲಿ ಹಾಪ್ಸ್ ಹೂವಿಗೂ ಇದೇ ನ್ಯಾಯ. ಕುದಿಸಿದರೆ ಅದು ಕಹಿ ಕೊಡುತ್ತದೆ, ಆದರೆ ಅದರ ಸುವಾಸನೆಯ ಎಣ್ಣೆ ಆವಿಯಾಗುತ್ತದೆ. ಆದ್ದರಿಂದ ಹುದುಗು ಅಡಗಿದ ಮೇಲೆ ಇನ್ನೊಂದಿಷ್ಟು ಹಾಪ್ಸ್ ಹಾಕಿ ನೆನೆಸುತ್ತಾರೆ. ಅದೇ ಡ್ರೈ ಹಾಪಿಂಗ್. ಹಿಮಾಚಲದ ಲಾಹೌಲಿನಲ್ಲಿ ಬೆಳೆಯುವ ಹಾಪ್ಸ್ ಬಳ್ಳಿ ಇಲ್ಲಿಲ್ಲ. ಇಲ್ಲಿ ಏಲಕ್ಕಿ ಇದೆ, ಶುಂಠಿ ಇದೆ, ಎದೆಗಾರಿಕೆಯಿದ್ದವರಿಗೆ ಸೂಜಿಮೆಣಸೂ ಇದೆ.

ವೈನು ತಿಳಿಯಾಗಲು ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು ಹಾಕುವ ಕ್ರಮ ಕೆಲವು ಮನೆಗಳಲ್ಲಿದೆ. ಇದು ಬರೀ ನಂಬಿಕೆಯಲ್ಲ. ಫ್ರಾನ್ಸಿನ ಬೋರ್ಡೊದಲ್ಲೂ 225 ಲೀಟರಿನ ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಹಾಕುವ ಹಳೆಯ ಪದ್ಧತಿಯಿದೆ. ಮೊಟ್ಟೆಯ ಪ್ರೋಟೀನು ದ್ರಾಕ್ಷಿಸಿಪ್ಪೆಯ ಒಗರನ್ನು ಹಿಡಿದುಕೊಂಡು, ಭಾರವಾಗಿ, ತಳಕ್ಕಿಳಿಯುತ್ತದೆ. ಪ್ಯಾಶನ್ ಫ್ರೂಟಿನಲ್ಲಿ ಅಂಥ ಒಗರು ಕಡಿಮೆ. ಅದರ ಮಬ್ಬು ಪೆಕ್ಟಿನ್ ಮತ್ತು ಪಿಷ್ಟದ್ದು, ಅದಕ್ಕೆ ಮೊಟ್ಟೆ ಅಷ್ಟಾಗಿ ಒದಗದು. ಹಣ್ಣನ್ನು ಕುದಿಸಿದರಂತೂ ಮಬ್ಬು ಇನ್ನಷ್ಟು ಗಟ್ಟಿಯಾಗುತ್ತದೆ. ಕುದಿಸದೆ ಮಾಡಿ ತಾಳ್ಮೆಯಿಂದ ಕಾಯುವವರ ವೈನೇ ನನಗೆ ಮೆಚ್ಚು.

ಮನೆಯೊಡತಿ ಕುದಿನೀರಲ್ಲಿ ತೊಳೆದ ಬಾಟಲಿಗಳನ್ನು ನೆಲದ ಮೇಲೆ ಸಾಲಾಗಿಟ್ಟರು. ಮಗಳು ಕೊಳವೆಯ ಒಂದು ತುದಿಯನ್ನು ಭರಣಿಗೆ ಇಳಿಬಿಟ್ಟಳು.

"ಮೆಲ್ಲಗೆ ಹಿಡಿ ಮಗಾ, ಮಡ್ಡಿ ಏಳ್ತದೆ."

"ತಳಕ್ಕೆ ತಾಗಿಲ್ಲಮ್ಮ, ನೋಡಿ."

ಇನ್ನೊಂದು ತುದಿಯಿಂದ ಉಸಿರೆಳೆದದ್ದೇ ತಡ, ವೈನು ಕೊಳವೆಯೇರಿ ಬಾಟಲಿಗೆ ಇಳಿಯತೊಡಗಿತು. ಗಾಳಿ ಸೇರದಂತೆ ಕೊಳವೆಯ ತುದಿ ಬಾಟಲಿಯ ತಳದಲ್ಲೇ ಇರಬೇಕು. ಮೇಲಿಂದ ಸುರಿದರೆ ಬಣ್ಣ ಕಂದುತ್ತದೆ, ಪರಿಮಳವೂ ಮಂಕಾಗುತ್ತದೆ. ನಾಲ್ಕನೆಯ ಬಾಟಲಿ ತುಂಬುವಾಗ ಧಾರೆಯಲ್ಲಿ ಎಳೆಯಷ್ಟು ಬಿಳುಪು ಕಂಡಿತು. ತಾಯಿ ಕೂಡಲೇ ಕೊಳವೆಯನ್ನು ಬೆರಳಲ್ಲಿ ಅದುಮಿದರು. ಉಳಿದದ್ದನ್ನು ಸಣ್ಣ ಜಾಡಿಗೆ ಬಗ್ಗಿಸಿ, ಇನ್ನೊಂದು ವಾರ ತಳವೂರಲು ಕಿಟಕಿಯಿಂದ ದೂರ ಸರಿಸಿಟ್ಟರು.