ಸಕ್ಕರೆ ರೋಗದ ಗುಳಿಗೆ ಮರೆವಿಗೂ ಮದ್ದೆ?

“ಸರ್, ಅಜ್ಜಿ ಶುಗರ್ ಗುಳಿಗಿ ಅಜ್ಜಗೂ ಒಂದ ಕೊಟ್ರ ಮರವು ಕಡಿಮಿ ಆಗತೈತೇನ್ರಿ?” ಶೇಡಬಾಳದ ನಮ್ಮ ಒಂಬತ್ತನೆಯ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ಮೊಬೈಲಿನಲ್ಲಿ ಎಲ್ಲೋ ಓದಿದ್ದನಂತೆ. ಉಳಿದವರು ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೇ ಇದರ ಬೆನ್ನು ಹತ್ತಿದ್ದಾರೆ.

ವಯಸ್ಸಾದವರ ಮರೆವಿಗೆ ಮುಖ್ಯ ಕಾರಣವಾದ ಆಲ್ಜೈಮರ್ ಕಾಯಿಲೆಯನ್ನು 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ವಿವರಿಸಿದರು. ಇದರಲ್ಲಿ ಮಿದುಳಿನ ಜೀವಕೋಶಗಳ ನಡುವೆ ಅಮೈಲಾಯ್ಡ್ ಎಂಬ ಪ್ರೊಟೀನು ಶೇಖರವಾಗುತ್ತದೆ. ಸಕ್ಕರೆಗೂ ಇದಕ್ಕೂ ಏನು ಸಂಬಂಧ? ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ದೇಹದ ಶಕ್ತಿಯಲ್ಲಿ ಸುಮಾರು 20 ಪಾಲನ್ನು ಅದೇ ನುಂಗುತ್ತದೆ. ಅದರ ಮುಖ್ಯ ಇಂಧನ ಗ್ಲೂಕೋಸ್. ಈ ರೋಗಿಗಳ ಮಿದುಳಿನಲ್ಲಿ ಗ್ಲೂಕೋಸಿನ ಬಳಕೆ ತಗ್ಗಿರುತ್ತದೆ. ಇನ್ನೂ ಒಂದು ಸ್ವಾರಸ್ಯವಿದೆ: ಇನ್ಸುಲಿನ್ನನ್ನು ಒಡೆಯುವ ಕಿಣ್ವವೇ ಅಮೈಲಾಯ್ಡನ್ನೂ ಒಡೆಯುತ್ತದೆ. ಇನ್ಸುಲಿನ್ ಹೆಚ್ಚಾದರೆ, ಎರಡು ಹೊಲದ ಕಬ್ಬು ಕಡಿಯುವ ಒಬ್ಬನೇ ಆಳಿನಂತೆ, ಅದು ಒಂದು ಕಡೆ ಹಿಂದೆ ಬೀಳಬಹುದು ಎಂಬುದು ತರ್ಕ.

ಹಳೆಯ ಔಷಧಿಗೆ ಹೊಸ ಕೆಲಸ ಹುಡುಕುವುದು ಹೊಸದೇನಲ್ಲ. ತಲೆನೋವಿನ ಆಸ್ಪಿರಿನ್ ಇಂದು ಹೃದ್ರೋಗಿಗಳ ಗುಳಿಗೆಯೂ ಹೌದು. ಅಡ್ಡಪರಿಣಾಮಗಳು ಮೊದಲೇ ಗೊತ್ತಿರುವುದರಿಂದ ಹಣ, ಸಮಯ ಎರಡೂ ಉಳಿಯುತ್ತವೆ.

ಆದರೆ ಪರೀಕ್ಷೆಯಲ್ಲಿ ಆದದ್ದೇ ಬೇರೆ. ಪಿಯೋಗ್ಲಿಟಜೋನ್ ಗುಳಿಗೆಯ ದೊಡ್ಡ ಪ್ರಯೋಗ ಫಲ ಕಾಣದೆ 2018ರಲ್ಲಿ ನಿಂತಿತು. ಮೂಗಿನ ಮೂಲಕ ಇನ್ಸುಲಿನ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು, ಅದೂ ನಿರಾಶೆಯೇ. ಎಲ್ಲರ ಕಣ್ಣಿದ್ದುದು ಸೆಮಾಗ್ಲುಟೈಡ್ ಮೇಲೆ. ಇಂಥ ಔಷಧಿ ಪಡೆದ ಮಧುಮೇಹಿಗಳಲ್ಲಿ ಮರೆವಿನ ರೋಗ ಕಡಿಮೆ ಎಂದು ಆಸ್ಪತ್ರೆಗಳ ದಾಖಲೆಗಳು ಹೇಳಿದ್ದವು. ರೋಗ ಆರಂಭದ ಹಂತದಲ್ಲಿದ್ದ 3,808 ಜನರ ಮೇಲೆ ಎರಡು ಪ್ರಯೋಗ ನಡೆದವು. 2025ರ ನವೆಂಬರಿನಲ್ಲಿ ಬಂದ ಉತ್ತರ: ರೋಗದ ಕೆಲವು ಸೂಚಕಗಳು ಸುಧಾರಿಸಿದವು, ರೋಗದ ಓಟ ಮಾತ್ರ ನಿಧಾನವಾಗಲಿಲ್ಲ.

ದಾಖಲೆಗಳು ಸುಳ್ಳು ಹೇಳಿದವೆ? ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಯೋಚಿಸಬೇಕು. ದುಬಾರಿ ಔಷಧಿ ಕೊಳ್ಳುವವರು ಯಾರು? ಹಣ, ಓದು, ವೈದ್ಯರ ಸಲಹೆ ಎಲ್ಲ ಇದ್ದವರು. ಅವರ ಆರೋಗ್ಯಕ್ಕೆ ಗುಳಿಗೆಯೊಂದೇ ಕಾರಣ ಎನ್ನಲಾಗದು. ಅದಕ್ಕೇ ಅರ್ಧ ಜನರಿಗೆ ನಿಜವಾದ ಗುಳಿಗೆ, ಇನ್ನರ್ಧ ಜನರಿಗೆ ಹುಸಿ ಗುಳಿಗೆ ಕೊಟ್ಟು ಹೋಲಿಸುವುದು. ಎರಡು ಕುಂಡಗಳಲ್ಲಿ ಹೆಸರುಕಾಳು ಬಿತ್ತಿ, ಒಂದನ್ನು ಕತ್ತಲಲ್ಲಿಡುವ ನಮ್ಮ ಪ್ರಯೋಗದ ಅಣ್ಣ ಇದು.

ಮರೆವು ಶುರುವಾದ ಮೇಲೆ ಮದ್ದು ಕೊಡುವುದೇ ತಡವಾಯಿತೇನೋ ಎಂಬ ಅನುಮಾನವೂ ಇದೆ. ನಮ್ಮ ಕರ್ನಾಟಕದಲ್ಲಿಯೇ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದವರನ್ನು 2018ರಿಂದ ಗಮನಿಸುತ್ತಿದೆ. ಗುರಿ 10,000 ಜನ. ಮರೆವು ಬರುವ ಮೊದಲೇ ಸಕ್ಕರೆ, ರಕ್ತದೊತ್ತಡ, ನೆನಪು ಎಲ್ಲವನ್ನೂ ಅಳೆದು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ. ತಾಳ್ಮೆ ಬೇಕು.

ಹುಡುಗನಿಗೆ ನಾನು ಹೇಳಿದ್ದು: ಕೊಡಬೇಡಪ್ಪಾ. ಗ್ಲಿಮಿಪಿರೈಡ್‌ನಂಥ ಗುಳಿಗೆ ಸಕ್ಕರೆ ರೋಗವಿಲ್ಲದ ಮುದುಕರ ಗ್ಲೂಕೋಸನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಆಗ ಗೊಂದಲ ಇನ್ನೂ ಹೆಚ್ಚುತ್ತದೆ, ಪ್ರಜ್ಞೆಯೂ ತಪ್ಪಬಹುದು. ಅಜ್ಜಿಯ ಬಗೆಗೂ ಒಂದು ಮಾತು: ಮೆಟ್‌ಫಾರ್ಮಿನ್ ಬಹುಕಾಲ ತಗೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು, ಅದರಿಂದಲೂ ನೆನಪು ಕೆಡಬಹುದು. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಸರಿಪಡಿಸಲೂಬಹುದು.

ಮುಂದಿನ ವಾರ ಇಬ್ಬರನ್ನೂ ಮಿರಜಿಗೆ ಕರೆದೊಯ್ದು ತೋರಿಸುತ್ತಾರಂತೆ. ಅಲ್ಲಿಯವರೆಗೆ ಅಜ್ಜಿ ಗುಳಿಗೆಯ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾರೆ.