ಭಾರವಾದ ಹೊದಿಕೆ ನಿದ್ರೆ ತರಬಲ್ಲುದೆ?

ಬೆಂಗಳೂರಿನ ವಿಮಾನಪುರದಲ್ಲಿ ವಾಸಿಸುವವರಿಗೆ ವಿಮಾನದ ಸದ್ದು ಹೊಸದಲ್ಲ. 1940ರಲ್ಲಿ ವಿಮಾನ ಕಾರ್ಖಾನೆಯು ಸ್ಥಾಪಿತವಾದಂದಿನಿಂದ ಅವರು ಅದನ್ನು ಕೇಳುತ್ತಲೇ ಬಂದಿದ್ದಾರೆ. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಯ ಕಡೆಗೆ ಹೋದುವಾದರೂ, ಪರೀಕ್ಷೆಗೆಂದು ಏರುವ ಯುದ್ಧವಿಮಾನಗಳೂ ಹೆಲಿಕಾಪ್ಟರುಗಳೂ ಇಂದಿಗೂ ಆ ಮನೆಗಳ ಮೇಲೆಯೇ ಹಾರುತ್ತವೆ. ಊರಿನಿಂದ ಬಂದ ನೆಂಟರು ಬೆಚ್ಚಿ ತಲೆಯೆತ್ತುತ್ತಾರೆ; ಮನೆಯವರು ಒಂದು ಗಳಿಗೆ ಮಾತು ನಿಲ್ಲಿಸಿ, ಸದ್ದು ಸರಿದೊಡನೆ ಮುಂದುವರಿಸುತ್ತಾರೆ. ಮತ್ತೆ ಮತ್ತೆ ಬರುವ, ಕೇಡಿಲ್ಲದ ಸಂವೇದನೆಯನ್ನು ಕಡೆಗಣಿಸಲು ಮಿದುಳು ಕಲಿತುಬಿಡುತ್ತದೆ.

ಎಲ್ಲರ ಮಿದುಳೂ ಹೀಗೆ ಕಲಿಯುವುದಿಲ್ಲ. ಸ್ವಲೀನತೆ, ಎಂದರೆ ಆಟಿಸಂ, ಉಳ್ಳ ಅನೇಕ ಮಕ್ಕಳಿಗೆ ನೂರನೆಯ ವಿಮಾನದ ಸದ್ದೂ ಮೊದಲನೆಯದರಷ್ಟೇ ಕಠೋರವಾಗಿ ಕೇಳಬಹುದು. ಸ್ವಲೀನತೆಯು ಅಂಟುವ ಬೇನೆಯಲ್ಲ. ಮಿದುಳಿನ ಬೆಳವಣಿಗೆಯ ಭಿನ್ನ ರೀತಿ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿಯೇ ಸದ್ದಿಗೆ ಅಂಜುವ ಸ್ವಭಾವವು ದಾಖಲಾಗಿದೆ. ಆದರೂ ಇಂದ್ರಿಯಗಳ ಈ ವ್ಯತ್ಯಾಸವು ಅಮೆರಿಕದ ಮನೋವೈದ್ಯರ ಲಕ್ಷಣಪಟ್ಟಿಯಲ್ಲಿ ಸೇರಿದ್ದು 2013ರಲ್ಲಿ! ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನಿದ್ರೆಯ ತೊಂದರೆಯೂ ಉಂಟು. ಮಗು ಮಲಗದಿದ್ದರೆ ತಾಯಿತಂದೆಯರಿಗೂ ನಿದ್ರೆಯಿಲ್ಲ. ತೂಕದ ಹೊದಿಕೆಯ ಜಾಹೀರಾತು ಅವರ ಕಣ್ಣಿಗೆ ಬೀಳುವುದು ಇಂಥ ಹೊತ್ತಿನಲ್ಲಿಯೇ.

ಈ ಹೊದಿಕೆಯ ಅರೆಗಳಲ್ಲಿ ಗಾಜಿನ ಸಣ್ಣ ಮಣಿಗಳನ್ನೋ ಉಕ್ಕಿನ ಗುಂಡುಗಳನ್ನೋ ತುಂಬಿ ಹೊಲಿದಿರುತ್ತಾರೆ. ಇದರ ಹಿಂದಿನ ವಿಚಾರಕ್ಕೊಂದು ಸ್ವಾರಸ್ಯವಾದ ಪೂರ್ವಕಥೆಯಿದೆ. ಸ್ವಲೀನತೆಯುಳ್ಳ ಅಮೆರಿಕದ ಟೆಂಪಲ್ ಗ್ರಾಂಡಿನ್ ಎಂಬಾಕೆಗೆ ಯಾರಾದರೂ ಅಪ್ಪಿಕೊಂಡರೆ ಸಹಿಸಲಾಗುತ್ತಿರಲಿಲ್ಲ. ಆದರೂ ಅಪ್ಪುಗೆಯ ಒತ್ತಡ ಬೇಕೆನಿಸುತ್ತಿತ್ತು. ಅರಿಜೋನಾದಲ್ಲಿ ಚಿಕ್ಕಮ್ಮನ ಪಶುಶಾಲೆಗೆ ಹೋಗಿದ್ದಾಗ, ಚುಚ್ಚುಮದ್ದು ಹಾಕಲು ದನಗಳನ್ನು ಎರಡು ಹಲಗೆಗಳ ನಡುವೆ ಅದುಮಿ ಹಿಡಿಯುವುದನ್ನೂ, ಕೆಲವು ದನಗಳು ಆಗ ಶಾಂತವಾಗುವುದನ್ನೂ ಕಂಡಳು. 1960ರ ದಶಕದಲ್ಲಿ, ತನ್ನ ಹದಿನೆಂಟರ ವಯಸ್ಸಿನಲ್ಲಿ, ತನಗಾಗಿ ಅಂಥದೇ ಯಂತ್ರವೊಂದನ್ನು ಮಾಡಿಕೊಂಡಳು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಅವಳ ಕೈಯಲ್ಲಿಯೇ ಇತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಆಕೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದಳು.

ಹಗುರವಾದ ಸೋಂಕು ಕಚಗುಳಿಯಂತೆ ನಮ್ಮನ್ನು ಎಚ್ಚರಿಸುತ್ತದೆ. ಹರಡಿದ, ಸ್ಥಿರವಾದ ಒತ್ತಡವು ಶಮನಗೊಳಿಸುತ್ತದೆ. ಅಳುವ ಕೂಸನ್ನು ಬಿಗಿಯಾಗಿ ಸುತ್ತುವ ಅಜ್ಜಿಯರಿಗೆ ಇದು ಗೊತ್ತೇ ಇದೆ. ಚರ್ಮದಲ್ಲಿ ಒಂದೇ ಬಗೆಯ ಗ್ರಾಹಕಗಳಿಲ್ಲ. ಪಚಿನಿ ಎಂಬವನ ಹೆಸರಿನವು ಒತ್ತಡ ಬದಲಾದಾಗ ಮಾತ್ರ ಸುದ್ದಿ ಕಳುಹಿಸಿ ಬೇಗನೆ ಸುಮ್ಮನಾಗುತ್ತವೆ. ಮರ್ಕೆಲ್ ಮತ್ತು ರುಫಿನಿ ಗ್ರಾಹಕಗಳು ಒತ್ತಡ ಇರುವಷ್ಟು ಹೊತ್ತೂ ತಿಳಿಸುತ್ತಲೇ ಇರುತ್ತವೆ. ಇವುಗಳ ಸುದ್ದಿಯು ಹೃದಯಬಡಿತವನ್ನು ನಿಧಾನಿಸುವ ನರವ್ಯೂಹವನ್ನು ಪ್ರಚೋದಿಸುತ್ತದೆಂಬುದು ಒಂದು ಊಹೆ, ಇನ್ನೂ ಸಿದ್ಧಾಂತವಾಗಿಲ್ಲ.

ಇಲ್ಲೊಂದು ಲೆಕ್ಕ ಮಾಡಿ ನೋಡೋಣ. ಹೊದಿಕೆ ಒಂದು ಮೀಟರು ಅಗಲ, ಒಂದೂವರೆ ಮೀಟರು ಉದ್ದ, ತೂಕ 4.5 ಕಿಲೋಗ್ರಾಂ ಎಂದಿರಲಿ. ಅದರ ವಿಸ್ತಾರ 15,000 ಚದರ ಸೆಂಟಿಮೀಟರು. ಆದ್ದರಿಂದ ಪ್ರತಿ ಚದರ ಸೆಂಟಿಮೀಟರಿಗೆ ಸರಾಸರಿ ಬೀಳುವ ಭಾರ 0.3 ಗ್ರಾಂ ಮಾತ್ರ! ಅಂಗೈ ಮೇಲಿಟ್ಟ ಒಂದು ರೂಪಾಯಿಯ ನಾಣ್ಯವು ಇದರ ಎರಡರಷ್ಟಕ್ಕಿಂತಲೂ ಹೆಚ್ಚಾಗಿ ಒತ್ತುತ್ತದೆ. ಮೈಯ ಉಬ್ಬುಗಳ ಮೇಲೆ ಭಾರ ಹೆಚ್ಚಿರಬಹುದು. ಆದರೂ ಗ್ರಾಂಡಿನ್ನಳ ಯಂತ್ರದ ಅದುಮುವಿಕೆಗೂ ಇದಕ್ಕೂ ಬಹಳ ಅಂತರ. ಹೊದಿಕೆಯಲ್ಲಿ ಗುಣವಿದ್ದರೆ, ಅದು ಒತ್ತಡದ ಹೆಚ್ಚಳದಿಂದಲ್ಲ, ಮೈಯೆಲ್ಲವನ್ನೂ ಒಮ್ಮೆಗೇ ಮುಟ್ಟುವುದರಿಂದ ಬರುವುದೆಂದು ನನಗೆ ತೋರುತ್ತದೆ.

ಹಾಗಾದರೆ ನಿದ್ರೆ ಹೆಚ್ಚುವುದೆ? ಇಂಗ್ಲೆಂಡಿನ ಸಂಶೋಧಕರು ಸ್ವಲೀನತೆಯುಳ್ಳ 73 ಮಕ್ಕಳನ್ನು ಆರಿಸಿ ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಪ್ರತಿಯೊಂದು ಮಗುವೂ ಎರಡು ವಾರ ತೂಕದ ಹೊದಿಕೆಯನ್ನೂ, ಎರಡು ವಾರ ನೋಟಕ್ಕೆ ಅದರಂತೆಯೇ ಇದ್ದ ಹಗುರ ಹೊದಿಕೆಯನ್ನೂ ಹೊದ್ದು ಮಲಗಿತು. ಮೈಗೆ ಕಟ್ಟಿದ ಚಲನಮಾಪಕವು ನಿದ್ರೆಯನ್ನು ಅಳೆಯಿತು. ಎರಡರಲ್ಲಿಯೂ ನಿದ್ರೆಯ ಅವಧಿ ಹೆಚ್ಚುಕಡಮೆ ಒಂದೇ! ವಿಚಿತ್ರವೆಂದರೆ, ಯಾವುದು ಬೇಕೆಂದು ಕೇಳಿದಾಗ ಮಕ್ಕಳೂ ಹೆತ್ತವರೂ ತೂಕದ ಹೊದಿಕೆಯತ್ತಲೇ ಒಲವು ತೋರಿದರು. ಇದನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವುದು ಸರಿಯಲ್ಲ. ನಿದ್ರೆ ಬೇರೆ, ನೆಮ್ಮದಿ ಬೇರೆ. ಮಾಪಕವು ಅಳೆದದ್ದು ಮೊದಲನೆಯದನ್ನು. ಆದರೆ ನಿದ್ರೆಯ ಆಶ್ವಾಸನೆ ಕೊಟ್ಟು ಸಾವಿರಾರು ರೂಪಾಯಿಗೆ ಮಾರುವುದಕ್ಕೆ ಈ ಫಲಿತಾಂಶದಲ್ಲಿ ಆಧಾರವಿಲ್ಲ.

ನಮ್ಮ ನಾಡಿನಲ್ಲಿ ಭಾರದ ಹೊದಿಕೆ ಅಪರೂಪದ ವಸ್ತುವೇನಲ್ಲ. ಚಳ್ಳಕೆರೆಯ ಕುರಿಯುಣ್ಣೆಯ ಕಂಬಳಿ, ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಉತ್ತರ ಕರ್ನಾಟಕದ ಕೌದಿ ಎರಡೂ ತಕ್ಕಷ್ಟು ಭಾರವೇ. ಆದರೆ ಇವುಗಳಲ್ಲಿ ದಪ್ಪ ಹೆಚ್ಚಿದಂತೆ ತೂಕ, ತೂಕದೊಡನೆ ಸೆಕೆ. ನಿದ್ರೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಕೊಂಚ ಇಳಿಯಬೇಕು. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಕೌದಿಯು ಅದಕ್ಕೆ ಅಡ್ಡಿಯಾದೀತು. ಗಾಜಿನ ಮಣಿ ದಪ್ಪವಿಲ್ಲದೆ ತೂಕ ಕೊಡುತ್ತದೆ, ಅಷ್ಟು ಅನುಕೂಲ.

ಅಪಾಯದ ಮಾತನ್ನು ಮರೆಯಬಾರದು. 2008ರಲ್ಲಿ ಕೆನಡದ ಕ್ವಿಬೆಕ್ ಪ್ರಾಂತದ ಶಾಲೆಯೊಂದರಲ್ಲಿ ಸ್ವಲೀನತೆಯುಳ್ಳ ಒಂಬತ್ತು ವರ್ಷದ ಬಾಲಕನನ್ನು ಇಂಥ ಹೊದಿಕೆಯಲ್ಲಿ ಸುತ್ತಿ ಬಿಟ್ಟಿದ್ದರು, ಬಾಲಕ ಸತ್ತುಹೋದ. ಗ್ರಾಂಡಿನ್ನಳ ಯಂತ್ರದ ಹಿಡಿ ಅವಳ ಕೈಯಲ್ಲಿತ್ತಷ್ಟೆ. ಮಗು ತಾನಾಗಿ ಒದ್ದು ಸರಿಸಲಾರದ ಹೊದಿಕೆಯನ್ನು ಹೊದಿಸಲೇಬಾರದು; ಸುತ್ತಿ ಕಟ್ಟಬಾರದು; ಮುಖದ ಮೇಲೆ ಬರಕೂಡದು. ಹಸುಗೂಸುಗಳಿಗೆ ಕೊಡಲೇಬಾರದು; ಉಸಿರಾಟದ ತೊಂದರೆ ಅಥವಾ ಮೂರ್ಛೆರೋಗ ಇದ್ದವರಿಗೆ ವೈದ್ಯರನ್ನು ಕೇಳದೆ ಕೊಡುವಂತಿಲ್ಲ. ದೇಹತೂಕದ ಹತ್ತನೆಯ ಒಂದು ಪಾಲು ಎಂಬ ನಿಯಮವು ಬಳಕೆಯಿಂದ ಬಂದದ್ದು, ಪ್ರಯೋಗದಿಂದ ಸ್ಥಾಪಿತವಾದದ್ದಲ್ಲ.

ಮಗು ನಿದ್ರಿಸದಿರುವುದಕ್ಕೆ ಹೊಟ್ಟೆನೋವು, ಮಲಬದ್ಧತೆ, ರಾತ್ರಿಯ ಬೆಳಕು ಮುಂತಾದ ಬೇರೆ ಕಾರಣಗಳೂ ಇರಬಹುದು. ಅವನ್ನು ಮೊದಲು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮಕ್ಕಳ ವಿಭಾಗದಲ್ಲಿ ವಿಚಾರಿಸುವುದು ಲೇಸು. ಆ ಬಳಿಕ ಹೊದಿಕೆಯನ್ನು ಪರೀಕ್ಷಿಸಬೇಕೆಂದಿದ್ದರೆ ಕೊಳ್ಳುವುದಕ್ಕಿಂತ ಮೊದಲು ಯಾರಿಂದಲಾದರೂ ಎರವಲು ತಂದು, ಎರಡು ವಾರ ಅದರೊಡನೆ, ಎರಡು ವಾರ ಅದಿಲ್ಲದೆ, ಮಗು ಮಲಗಿದ ಹೊತ್ತು, ಎದ್ದ ಹೊತ್ತು, ಹೊದಿಕೆಯನ್ನು ತಾನೇ ಎಳೆದುಕೊಂಡಿತೋ ದೂಡಿತೋ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ದಿನವೂ ಬರೆದಿಡಬಹುದು.